ಯೂರೋವಿಷನ್ ಎಂಬ ಮೇ ತಿಂಗಳ ಜಾಗರಣೆ

ನಮ್ಮೂರ ಕಡೆ ಜಾಗರಣೆ ಅಂದರೆ ಒಂದೋ ಶಿವರಾತ್ರಿ, ಇಲ್ಲವೇ ಯಕ್ಷಗಾನ. ಮೂರೂವರೆ ದಶಕದಿಂದ ಡೊಂಬಿವಲಿಯಲ್ಲಿರುವ ನನಗೆ ಮೂರನೆಯದೂ ಒಂದಿದೆ. ಪ್ರತಿ ವರ್ಷ ಮೇ ತಿಂಗಳ ಒಂದು ಶನಿವಾರ ರಾತ್ರಿ ಹನ್ನೆರಡೂವರೆಗೆ (ಲೆಕ್ಕಕ್ಕೆ ಆಗಲೇ ಭಾನುವಾರ, ಬಿಡಿ) ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಯೂರೋವಿಷನ್ ಹಾಡಿನ ಸ್ಪರ್ಧೆಯ ಫೈನಲ್ ನೋಡಲು ಕೂರುತ್ತೇನೆ. ಅಲ್ಲಿ ಅದು ರಾತ್ರಿ 9 ಗಂಟೆಯ ಕಾರ್ಯಕ್ರಮ. ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಜಾವ ನಾಲ್ಕು ದಾಟಿರುತ್ತದೆ, ಸ್ಟೇಷನ್ ಕಡೆಯಿಂದ ಮೊದಲ ಲೋಕಲ್‌ಗಳ ಸದ್ದು ಕೇಳಲು ಶುರುವಾಗಿರುತ್ತದೆ. ಹಾಲಿನ ಪ್ಯಾಕೆಟ್ ತರಲು ಇಳಿದರೆ ಕೆಳಗಿನ ಮನೆಯ ಕಾಕಾ ನನ್ನ ಕೆಂಪು ಕಣ್ಣು ನೋಡಿ, "ಕಾಯ್ ಸಾಹೇಬ್, ರಾತ್ರೀ ಮ್ಯಾಚ್ ಹೋತೀ ಕಾ?" ಅಂತ ಕೇಳುತ್ತಾರೆ. ಹೌದು ಕಾಕಾ, ಮ್ಯಾಚೇ ಅನ್ನುತ್ತೇನೆ. ಹಾಡಿನ ಮ್ಯಾಚ್ ಅಂತ ವಿವರಿಸಲು ಹೋದರೆ ಹಾಲು ಒಡೆದೀತು!

ಓದುಗರಲ್ಲಿ ಬಹಳ ಜನರಿಗೆ ಇದೇನೆಂದು ಗೊತ್ತಿರಲಿಕ್ಕಿಲ್ಲ, ಚುಟುಕಾಗಿ ಹೇಳಿಬಿಡುತ್ತೇನೆ. ಯೂರೋಪಿನ ರೇಡಿಯೋ, ಟಿವಿ ಸಂಸ್ಥೆಗಳ ಒಕ್ಕೂಟವೊಂದಿದೆ, ಕಚೇರಿ ಜಿನೀವಾದಲ್ಲಿ. ಅದು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ಎಂಬ ಊರಿನಲ್ಲಿ 7 ದೇಶಗಳನ್ನು ಸೇರಿಸಿ ಹಾಡಿನ ಸ್ಪರ್ಧೆ ಮಾಡಿತು. ಯುದ್ಧ ಮುಗಿದು ಹನ್ನೊಂದೇ ವರ್ಷವಾಗಿತ್ತು ನೋಡಿ. ಒಬ್ಬರ ಮೇಲೊಬ್ಬರು ಬಾಂಬು ಹಾಕಿದವರು ಒಂದೇ ವೇದಿಕೆಯ ಮೇಲೆ ಸರದಿಯಲ್ಲಿ ನಿಂತು ಹಾಡಿದರು. ಆತಿಥೇಯ ದೇಶದ ಲಿಸ್ ಆಸಿಯಾ ಎಂಬಾಕೆ ಗೆದ್ದಳು. ಕೊರೋನಾದ 2020 ಒಂದನ್ನು ಬಿಟ್ಟರೆ ಅಂದಿನಿಂದ ತಪ್ಪದೆ ನಡೆದಿದೆ. ಒಂದು ದೇಶಕ್ಕೆ ಒಂದು ಹಾಡು, ಮೂರು ನಿಮಿಷ. ಹಾಡೆಲ್ಲ ಮುಗಿದ ಮೇಲೆ ಪ್ರತಿ ದೇಶ ತನಗೆ ಹಿಡಿಸಿದ ಹತ್ತು ಹಾಡಿಗೆ ಅಂಕ ಕೊಡುತ್ತದೆ. ಮೊದಲನೆಯದಕ್ಕೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ. 1974ರಲ್ಲಿ ಸ್ವೀಡನ್ನಿನ ಆಬ್ಬಾ ತಂಡ ಗೆದ್ದು ಜಗತ್ತಿಗೆಲ್ಲ ಪರಿಚಯವಾದದ್ದು ಇಲ್ಲಿಂದಲೇ. ಹೆಸರು ಯೂರೋಪಿನದು, ಆದರೆ 1980ರಲ್ಲಿ ಮೊರಾಕೊ ಒಮ್ಮೆ ಬಂದು ಹೋಗಿದೆ, 2015ರಿಂದ ಆಸ್ಟ್ರೇಲಿಯಾ ಕೂಡ ಹಾಡಿದೆ. ನಮ್ಮ ಡೊಂಬಿವಲಿ ಮುಂಬಯಿ ಎನಿಸಿಕೊಳ್ಳುವ ಹಾಗೆ.

ಇಂಥದ್ದರ ಹುಚ್ಚು ಕುಮಟಾ ತಾಲೂಕಿನ ಹಳ್ಳಿಯಿಂದ ಬಂದ, ಬಿ.ಕಾಂ. ಓದಿದ, ಬ್ಯಾಂಕಿನಲ್ಲಿ ಸಹಿ ಹಾಕುತ್ತ ತಲೆ ನರೆಸಿಕೊಂಡ ನನಗೆ ಹೇಗೆ ಹಿಡಿಯಿತು ಅಂತೀರಾ? ಬೇರು ಹುಡುಕಿದರೆ ಅದು ಕೊಲಂಬೋಗೆ ಹೋಗಿ ಮುಟ್ಟುತ್ತದೆ. ನನ್ನ ವಯಸ್ಸಿನವರು ಈಗ ತಲೆಯಾಡಿಸುತ್ತಿರಬೇಕು. ಬುಧವಾರ ರಾತ್ರಿ 8 ಗಂಟೆ, ಬಿನಾಕಾ ಗೀತಮಾಲಾ! ಆಕಾಶವಾಣಿ ಸಿನಿಮಾ ಹಾಡಿಗೆ ಮುಖ ತಿರುಗಿಸಿದ ಕಾಲದಲ್ಲಿ, 1952ರ ಡಿಸೆಂಬರ್‌ನಲ್ಲಿ, ರೇಡಿಯೋ ಸಿಲೋನ್ ಶುರು ಮಾಡಿದ್ದು. ಸ್ವಾರಸ್ಯ ಏನೆಂದರೆ ಅಮೀನ್ ಸಯಾನಿ ಮಾತಾಡುತ್ತಿದ್ದದ್ದು ಇಲ್ಲೇ ಮುಂಬಯಿಯಲ್ಲಿ. ರೆಕಾರ್ಡ್ ಮಾಡಿದ ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ತಿರುಗಿ ನಮ್ಮೂರಿಗೆ ಬರುತ್ತಿತ್ತು. ನಮ್ಮೂರಲ್ಲಿ ರೇಡಿಯೋ ಇದ್ದದ್ದು ಅಂಗಡಿಯಲ್ಲಿ. ಅಂಗಡಿಯ ಜಗಲಿಯ ಮೇಲೆ ಕೂತು, ಶಾಲೆಯ ಪಟ್ಟಿಯ ಹಿಂದಿನ ಹಾಳೆಯಲ್ಲಿ ಯಾವ ಹಾಡು ಯಾವ ಪಾಯದಾನ್ ಮೇಲಿದೆ ಅಂತ ಬರೆದುಕೊಳ್ಳುತ್ತಿದ್ದೆ. ಹಿಂದಿ ಅರ್ಧಂಬರ್ಧ. ವರ್ಷದ ಕೊನೆಗೆ ಇಡೀ ವರ್ಷದ ಹಾಡುಗಳ ಯಾದಿ ಬರುವಾಗ ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ತಾಳೆ ನೋಡುವುದು ನನ್ನ ಪಾಲಿಗೆ ಹಬ್ಬ. ಮನೆಗೆ ಬಂದರೆ ಆಯಿ, "ಅದನ್ನ ಬರೆದಷ್ಟು ಮಗ್ಗಿ ಬರೆದಿದ್ರೆ..." ಅಂತ ಶುರು ಮಾಡುತ್ತಿದ್ದಳು. ಗೀತಮಾಲಾ ಮುಂದೆ ಸಿಬಾಕಾ ಆಯಿತು, 1989ರಲ್ಲಿ ವಿವಿಧ ಭಾರತಿಗೆ ಬಂತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ಹೋದರು. ಆ ದಿನ ನನಗೆ ಊರಿನ ಯಾರೋ ಹಿರಿಯರು ಹೋದ ಹಾಗೆ ಆಯಿತು.

ಆ ಕಾಲದಲ್ಲಿ ನನಗೆ ತಿಳಿಯದ, ಬ್ಯಾಂಕಿಗೆ ಸೇರಿದ ಮೇಲೆ ಓದಿ ಮೆಚ್ಚಿದ ಒಂದು ಸಂಗತಿ ಇದೆ. ಗೀತಮಾಲಾದವರು ಬರೀ ಕೇಳುಗರ ಪತ್ರ ಎಣಿಸಿ ಕ್ರಮ ಹಾಕುತ್ತಿರಲಿಲ್ಲ. ಪತ್ರ ಯಾರು ಬೇಕಾದರೂ ರಾಶಿ ರಾಶಿ ಬರೆಸಬಹುದು. ಅದಕ್ಕೆ ರೆಕಾರ್ಡ್ ಅಂಗಡಿಗಳ ಮಾರಾಟದ ಲೆಕ್ಕವನ್ನೂ, ರೇಡಿಯೋ ಕ್ಲಬ್ಬುಗಳ ಅಭಿಪ್ರಾಯವನ್ನೂ ಸೇರಿಸಿ ನೋಡುತ್ತಿದ್ದರು. ಒಂದು ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡುವುದು. ನಮ್ಮ ಇಡೀ ಕಸುಬು ಅಷ್ಟೇ ಅಲ್ಲವೇ?

1990ರಲ್ಲಿ ಬಿ.ಎಸ್.ಆರ್.ಬಿ. ಪರೀಕ್ಷೆ ಪಾಸಾಗಿ ಗುಮಾಸ್ತನಾಗಿ ಮುಂಬಯಿಗೆ ಬಂದೆ. ಫೋರ್ಟಿನಲ್ಲಿ ಕ್ಲಿಯರಿಂಗ್ ವಿಭಾಗ. ಅವರ ಚೆಕ್ಕು ನಮಗೆ, ನಮ್ಮ ಚೆಕ್ಕು ಅವರಿಗೆ, ಸಂಜೆಗೆ ಎಲ್ಲರ ಮೊತ್ತ ಕೂಡಿದರೆ ಸೊನ್ನೆ ಬರಬೇಕು. ಹತ್ತು ಪೈಸೆ ವ್ಯತ್ಯಾಸ ಬಂದರೂ ಕಡೆಯ ಡಬಲ್ ಫಾಸ್ಟ್ ತಪ್ಪಿದಂತೆ. ಹಾಡು ಆ ವರ್ಷಗಳಲ್ಲಿ ಲೋಕಲ್ಲಿನ ಭಜನೆ ಮಂಡಳಿಯವರದ್ದು ಮಾತ್ರ. ಆಮೇಲೆ ಮದುವೆ, ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಮಗಳು, ಅಧಿಕಾರಿಯಾಗಿ ಬಡ್ತಿ. 2007ರಲ್ಲಿ ಮಗಳಿಗೆಂದು ಕೊಂಡ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತ ಯೂಟ್ಯೂಬ್‌ನಲ್ಲಿ ಒಂದು ಹಾಡು ಸಿಕ್ಕಿತು. ಸೆರ್ಬಿಯಾದ ಮಾರಿಯಾ ಶೆರಿಫೋವಿಚ್, ಆ ವರ್ಷ ಹೆಲ್ಸಿಂಕಿಯಲ್ಲಿ ಗೆದ್ದವಳು. ಕರಿ ಸೂಟು, ಕನ್ನಡಕ. ನಮ್ಮ ಹೆಡ್ ಕ್ಯಾಶಿಯರ್ ಬಾಯಿ ಹಾಡಲು ನಿಂತ ಹಾಗೆ! ಸೆರ್ಬಿಯನ್ ಭಾಷೆಯ ಹಾಡು, ಒಂದು ಅಕ್ಷರ ತಿಳಿಯಲಿಲ್ಲ. ಮೂರು ಸಲ ಕೇಳಿದೆ. ಅದರ ಕೆಳಗೇ ಆ ವರ್ಷದ ಅಂಕ ಎಣಿಕೆಯ ವಿಡಿಯೋ ಇತ್ತು. ಅದನ್ನು ಒತ್ತಿದೆ ನೋಡಿ, ಮುಗಿಯಿತು ಕಥೆ. ದೇಶ ದೇಶಗಳಿಂದ ಒಬ್ಬೊಬ್ಬರಾಗಿ ಬಂದು ಅಂಕ ಓದುವುದು, ಪಟ್ಟಿ ಮೇಲೆ ಕೆಳಗೆ ಆಗುವುದು. ಅಂಗಡಿ ಜಗಲಿಯ ಬುಧವಾರವೂ ಫೋರ್ಟಿನ ಕ್ಲಿಯರಿಂಗ್ ಹಾಲ್ ಸಹ ಒಂದೇ ಕಡೆ ಸಿಕ್ಕ ಹಾಗಾಯಿತು.

ನನ್ನ ಬಳಿ ಒಂದು ಹಳೆಯ ಲೆಜರ್ ಇದೆ, ಅಡ್ಡಡ್ಡ ಗೆರೆಯದ್ದು. ಪ್ರತಿ ವರ್ಷ ಎರಡು ಪುಟ. ಎಡಕ್ಕೆ ಹಾಡುವ ದೇಶ, ಮೇಲೆ ಅಂಕ ಕೊಡುವ ದೇಶ. ಲೆಕ್ಕ ಬಲು ಚಂದ. ಒಂದು ದೇಶದ ಒಂದು ಕಂತಿನ ಅಂಕ ಕೂಡಿದರೆ 58. ತಜ್ಞರ ಮಂಡಳಿಯದ್ದು 58, ಜನರ ಫೋನ್ ಮತದ್ದು 58, ಒಟ್ಟು 116. 2025ರಲ್ಲಿ 37 ದೇಶ, 37 ಗುಣಿಸು 116, ಅದಕ್ಕೆ ಹೊರಗಿನ ಜಗತ್ತಿನದ್ದೊಂದು 58 (ಅದರ ವಿಷಯ ಮುಂದೆ ಹೇಳುತ್ತೇನೆ), ಒಟ್ಟು 4,350. ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಪುಟದಲ್ಲಿ ಆ ಸಂಖ್ಯೆ ಬಂದರೆ ಮಾತ್ರ ನಿದ್ದೆ. ನನ್ನ ಹೆಂಡತಿ, "ಗೆದ್ದವರು ಯಾರು ಅಂತ ಅವರೇ ಹೇಳ್ತಾರಲ್ಲ, ನೀವ್ಯಾಕೆ ಕೂಡಿಸೋದು?" ಅನ್ನುತ್ತಾಳೆ. ಅವಳಿಗೆ ಏನು ಹೇಳುವುದು. 1969ರಲ್ಲಿ ಮ್ಯಾಡ್ರಿಡ್‌ನಲ್ಲಿ ನಾಲ್ಕು ದೇಶಗಳಿಗೆ ಸಮ ಅಂಕ ಬಂತು, ಸಮ ಬಂದರೆ ಏನು ಮಾಡಬೇಕೆಂದು ನಿಯಮವನ್ನೇ ಬರೆದಿರಲಿಲ್ಲ. ನಾಲ್ವರೂ ಗೆದ್ದರು ಅಂತ ಘೋಷಿಸಿ ಕೈ ತೊಳೆದುಕೊಂಡರು. ಇನ್‌ಸ್ಪೆಕ್ಷನ್ನಿನವರು ಬಂದಿದ್ದರೆ ಬಿಡುತ್ತಿದ್ದರೇ?

ಹಾಡುಗಳ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಪ್ಪತ್ತಾರರಲ್ಲಿ ಹದಿನೈದು ನನಗೆ ಹಿಡಿಸುವುದಿಲ್ಲ. ಬೆಂಕಿ, ಹೊಗೆ, ಕುಣಿತ ಜಾಸ್ತಿ. ಇಂಗ್ಲೆಂಡಿನವರಿಗೆ 2021ರಲ್ಲಿ ಎರಡೂ ಕಡೆಯಿಂದ ಸೊನ್ನೆ ಬಂದಾಗ, ನಿಜ ಹೇಳುತ್ತೇನೆ, ಸ್ವಲ್ಪ ಖುಷಿಯೂ ಆಯಿತು. ಆದರೆ ಅವರ ಪರ ಹಾಡಿದ ಇಬ್ಬರು ನಮ್ಮ ನೆಲದಲ್ಲಿ ಹುಟ್ಟಿದವರು ಗೊತ್ತೇ? 1968ರಲ್ಲಿ ಒಂದೇ ಅಂಕದಿಂದ ಸ್ಪೇನ್‌ಗೆ ಸೋತ ಕ್ಲಿಫ್ ರಿಚರ್ಡ್ ಹುಟ್ಟಿದ್ದು ಲಕ್ನೋದಲ್ಲಿ. 2012ರಲ್ಲಿ ಬಾಕುವಿನಲ್ಲಿ ಹಾಡಿ 26ರಲ್ಲಿ 25ನೆಯವನಾದ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಮದರಾಸಿನಲ್ಲಿ ಹುಟ್ಟಿದವನು.

ನನಗೆ ಈ ಸ್ಪರ್ಧೆಯಲ್ಲಿ ನಿಜವಾಗಿ ಪ್ರೀತಿ ಹುಟ್ಟಿಸಿದ್ದು ಒಂದು ನಿಯಮ. ಯಾವ ದೇಶವೂ ತನ್ನ ಹಾಡಿಗೆ ತಾನೇ ಮತ ಹಾಕುವಂತಿಲ್ಲ. ಬ್ಯಾಂಕಿನಲ್ಲಿ ನಮಗೂ ಇದೆ ಈ ಕಟ್ಟು. ಸ್ವಂತ ತಮ್ಮನ ಸಾಲದ ಅರ್ಜಿ ನನ್ನ ಮೇಜಿಗೆ ಬಂದರೆ ನಾನು ಸ್ಯಾಂಕ್ಷನ್ ಮಾಡುವ ಹಾಗಿಲ್ಲ, ಕಾಗದ ಮೇಲಿನವರಿಗೆ ಹೋಗಬೇಕು. ತಮ್ಮ ಒಳ್ಳೆಯವನೇ ಇರಬಹುದು, ಸಾಲ ತೀರಿಸುವವನೇ ಇರಬಹುದು, ಅದು ಬೇರೆ ಮಾತು. ಮನೆಯವರ ಹಾಡು ಎಷ್ಟು ಚೆನ್ನಾಗಿದೆ ಅಂತ ಪರರ ಬಾಯಿಂದ ಬರಬೇಕು.

ನಮ್ಮಲ್ಲಿ ಇದರ ಉಲ್ಟಾ ನೋಡಿದ್ದೇವೆ. ಮೊದಲ ಇಂಡಿಯನ್ ಐಡಲ್‌ನಲ್ಲಿ, 2005ರ ಮಾರ್ಚ್‌ನಲ್ಲಿ, ಮುಂಬಯಿಯ ಹುಡುಗ ಅಭಿಜಿತ್ ಸಾವಂತ್ ಗೆದ್ದಾಗ ನಮ್ಮ ಗಲ್ಲಿಯಲ್ಲಿ ಪಟಾಕಿ ಹಾರಿಸಿದ್ದರು. 2007ರ ಮೂರನೇ ಸರಣಿಯಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್, ಶಿಲ್ಲಾಂಗ್‌ನ ಅಮಿತ್ ಪಾಲ್ ಕೊನೆಗೆ ಉಳಿದರು. ಇಡೀ ಗುಡ್ಡಗಾಡು ಎಸ್ಸೆಮ್ಮೆಸ್‌ಗೆ ನಿಂತಿತು, ಚಂದಾ ಎತ್ತಿದರು, ಗೆದ್ದದ್ದು ತಮಾಂಗ್. ಆಮೇಲೆ ಯಾವುದೋ ಎಫ್.ಎಂ.ನವನ ಹಗುರ ಮಾತಿಗೆ ಸಿಲಿಗುರಿಯಲ್ಲಿ ಗಲಭೆಯೇ ಆಯಿತು. ಯಾರೂ ಕೇಳದ ಗುಡ್ಡದ ಜನ ತಮ್ಮವನೊಬ್ಬನನ್ನು ಟಿವಿಯಲ್ಲಿ ಕಂಡು ಮತ ಒತ್ತಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅಲ್ಲಿ ಎಣಿಸಿದ್ದು ಹಾಡನ್ನಲ್ಲ, ತಲೆಗಳನ್ನು.

ಯೂರೋವಿಷನ್‌ನಲ್ಲೂ ತಲೆ ಎಣಿಕೆ ಇಲ್ಲವೆಂದಲ್ಲ. ಗ್ರೀಸ್ ಮತ್ತು ಸೈಪ್ರಸ್ ಒಬ್ಬರಿಗೊಬ್ಬರು 12 ಕೊಡುವುದು ಮದುವೆ ಮುಯ್ಯಿಯ ಹಾಗೆ, ಹಾಡು ಹಾಡುವ ಮೊದಲೇ ಗೊತ್ತಿರುತ್ತದೆ. ಅದಕ್ಕಿಂತ ನನಗೆ ಕುತೂಹಲದ್ದು ನಮ್ಮಂಥವರ ಮತ, ಊರು ಬಿಟ್ಟವರ ಮತ. 1998ರ ಹೊತ್ತಿಗೆ ಬಹುತೇಕ ದೇಶಗಳಲ್ಲಿ ಫೋನ್ ಮತ ಬಂತು ನೋಡಿ, ಜರ್ಮನಿಯಿಂದ ತುರ್ಕಿಗೆ ಅಂಕಗಳು ಹರಿಯತೊಡಗಿದವು. ಜರ್ಮನರಿಗೆ ಒಮ್ಮೆಗೇ ತುರ್ಕಿ ಸಂಗೀತದ ಮೇಲೆ ಪ್ರೀತಿ ಉಕ್ಕಿತೆಂದಲ್ಲ, ಅಲ್ಲಿನ ಕಾರ್ಖಾನೆಗಳಿಗೆ ಎರಡು ತಲೆಮಾರಿನ ಹಿಂದೆ ಬಂದು ನೆಲೆಸಿದವರು ಫೋನ್ ಎತ್ತಿದ್ದರು. ನಿಯಮದ ಸ್ವಾರಸ್ಯ ಇಲ್ಲಿದೆ. ಫೋನು ಜರ್ಮನಿಯದ್ದಾದರೆ ಜರ್ಮನಿಗೆ ಮತ ಹಾಕುವಂತಿಲ್ಲ, ತುರ್ಕಿಗೆ ಹಾಕಬಹುದಿತ್ತು. ಯಾವುದು ನಿನ್ನ ದೇಶ ಅಂತ ಅವರು ಮನಸ್ಸನ್ನು ಕೇಳುವುದಿಲ್ಲ, ಸಿಮ್ ಕಾರ್ಡನ್ನು ಕೇಳುತ್ತಾರೆ. ಇದನ್ನು ಪಕ್ಷಪಾತ ಅಂತ ಬೈಯುವವರು ಬಹಳ. 2009ರಿಂದ ಫೈನಲ್‌ನಲ್ಲಿ ಅರ್ಧ ತೂಕವನ್ನು ತಜ್ಞರ ಮಂಡಳಿಗೆ ಕೊಟ್ಟದ್ದೂ ಇದಕ್ಕೇ. ಬೈಯುವವರ ಜೊತೆ ನನಗೆ ಪೂರ್ತಿ ದನಿಗೂಡಿಸಲು ಆಗುವುದಿಲ್ಲ. ದಿನವೆಲ್ಲ ಇನ್ನೊಂದು ಭಾಷೆಯಲ್ಲಿ ದುಡಿದವನು ವರ್ಷಕ್ಕೊಮ್ಮೆ ತನ್ನ ಭಾಷೆಗೊಂದು ಮತ ಹಾಕಿದರೆ ಯಾರ ಗಂಟು ಹೋಯಿತು?

ಹೀಗೆ ಎರಡೂ ಕಡೆ ವಾಲುವ ನನ್ನನ್ನು 2009ರ ನವೆಂಬರ್‌ನಲ್ಲಿ ಒಂದು ಸಂಘದ ರಾಜ್ಯೋತ್ಸವ ಪರೀಕ್ಷೆಗೆ ಹಚ್ಚಿತು. ಸಂಘದ ಹೆಸರು ಬೇಡ. ಮಕ್ಕಳ ಭಾವಗೀತೆ ಸ್ಪರ್ಧೆ, ಕಲ್ಯಾಣದ ಒಂದು ಶಾಲೆಯ ಹಾಲ್‌ನಲ್ಲಿ. ಬ್ಯಾಂಕಿನವನು ಅಂತ ಅಂಕ ಕೂಡಿಸುವ ಕೆಲಸ ನನಗೆ. ತೀರ್ಪುಗಾರರು ಮೂವರೂ ಹೊರಗಿನವರು, ತಲಾ 50 ಅಂಕ. ನನ್ನ ಮಗಳಿಗೆ ಆಗ ಹನ್ನೆರಡು ವರ್ಷ, ಅವಳೂ ಹಾಡುವವಳೇ. ಆ ವರ್ಷ ಆಯಿ ಊರಿಂದ ಬಂದು ನಮ್ಮಲ್ಲಿದ್ದಳು, ಅವಳೇ ಹಾಡು ಕಲಿಸಿದ್ದು. ಸಂಜೆ ಕಲಿಸಲು ಕೂತರೆ ಎದುರು ಮನೆಯ ಮರಾಠಿ ಹುಡುಗಿ, ಮಗಳ ಗೆಳತಿ, ತಾನೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. "ಆಜೀ, ಮಲಾ ಪಣ್ ಶಿಕವಾ" ಅಂತ ಹಟ ಹಿಡಿದು ಒಂದು ಹಾಡು ಕಲಿತಳು, ದೇವನಾಗರಿಯಲ್ಲಿ ಬರೆದುಕೊಂಡು. ಸ್ಪರ್ಧೆಗೆ ಹೆಸರು ಕೊಟ್ಟಾಗ ಯಾರೂ ಬೇಡವೆನ್ನಲಿಲ್ಲ, ಮುದ್ದಾಗಿರುತ್ತದೆ ಅಂದುಕೊಂಡಿರಬೇಕು.

ಆ ಹುಡುಗಿ ಹಾಡಿದಳು ಅಂದರೆ, ಹಾಲ್ ತಣ್ಣಗಾಯಿತು. ಅಂಕ ಕೂಡಿಸಿದರೆ ಅವಳಿಗೆ 131, ನನ್ನ ಮಗಳಿಗೆ 128½. ಎರಡೆರಡು ಸಲ ಕೂಡಿಸಿ ಸಹಿ ಹಾಕಿ ಕೊಟ್ಟೆ. ಹಿಂದಿನ ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಮೊದಲ ಬಹುಮಾನ ಕನ್ನಡದವಳಲ್ಲದವಳಿಗೆ ಕೊಟ್ಟರೆ ಹೇಗೆ? ಒಬ್ಬರು ಹೇಳಿದ್ದು ತೆಗೆದುಹಾಕುವಂಥ ಮಾತಾಗಿರಲಿಲ್ಲ. "ನಾವು ಇದನ್ನ ಮಾಡೋದೇ ನಮ್ಮ ಮಕ್ಕಳು ಕನ್ನಡ ಮರೀಬಾರದು ಅಂತ. ಬಂದ ಮಕ್ಕಳಿಗೆ ಮುಂದಿನ ವರ್ಷ ಬರೋ ಉಮೇದು ಉಳೀಬೇಡವೇ?" ಆ ಹುಡುಗಿಗೆ ವಿಶೇಷ ಬಹುಮಾನ ಅಂತ ಒಂದು ಮಾಡಿ, ಮೊದಲನೆಯದನ್ನು ಎರಡನೆಯವಳಿಗೆ ಕೊಡೋಣ ಎಂಬ ಸೂಚನೆ ಬಂತು. ಎರಡನೆಯವಳು ಯಾರು? ನನ್ನ ಮಗಳು. ಎಲ್ಲರೂ ನನ್ನ ಮುಖ ನೋಡಿದರು.

ಆ ವರ್ಷದ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ನಾರ್ವೆ ಗೆದ್ದಿತ್ತು, 387 ಅಂಕ, ಅದುವರೆಗಿನ ದಾಖಲೆ. ಪಿಟೀಲು ಹಿಡಿದು ಹಾಡಿದ ಅಲೆಕ್ಸಾಂಡರ್ ರೀಬಾಕ್ ಹುಟ್ಟಿದ್ದು ಬೆಲಾರುಸ್‌ನ ಮಿನ್ಸ್ಕ್‌ನಲ್ಲಿ, ಚಿಕ್ಕವನಿದ್ದಾಗ ಅಪ್ಪ ಅಮ್ಮನ ಜೊತೆ ನಾರ್ವೆಗೆ ಬಂದವನು. ನಾನು ಅದನ್ನೇ ಹೇಳಿದೆ. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶ ಐದು ಸಲ ಗೆದ್ದಿದೆ, ಐದರಲ್ಲಿ ಒಬ್ಬರೂ ಆ ದೇಶದವರಲ್ಲ, ನಾಲ್ವರು ಫ್ರಾನ್ಸಿನವರು, ಒಬ್ಬಳು ಗ್ರೀಕಳು ಅಂದೆ. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆದ್ದುಕೊಟ್ಟ ಸೆಲೀನ್ ಡಿಯೋನ್ ಕೆನಡಾದವಳು ಅಂದೆ. "ಇದು ಯೂರೋಪಲ್ಲ ಮಾರಾಯರೇ, ಕಲ್ಯಾಣ!" ಅಂದರು ಒಬ್ಬರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹಾಳೆ ಬದಲಿಸಲು ಒಪ್ಪಲಿಲ್ಲ. ಬೇಕಾದರೆ ಬೇರೆಯವರು ಬರೆದು ಸಹಿ ಹಾಕಲಿ, ನನ್ನ ಮಗಳ ಹೆಸರು ಇರುವ ಹಾಳೆಯನ್ನು ನಾನು ತಿದ್ದುವುದಿಲ್ಲ ಅಂದೆ. ಅಧ್ಯಕ್ಷರು ಹಿರಿಯರು. ಹಾಳೆ ಈಸಿಕೊಂಡು, ಕನ್ನಡಕ ಏರಿಸಿ, ತಾವೇ ಒಮ್ಮೆ ಕೂಡಿಸಿ ನೋಡಿ, "ಲೆಕ್ಕ ಸರಿ ಇದೆ, ಕೊಟ್ಟುಬಿಡಿ" ಅಂದರು.

ಮನೆಗೆ ಬರುವಾಗ ಮಗಳು ರಿಕ್ಷಾದಲ್ಲಿ ಮುಖ ಆಚೆ ಮಾಡಿ ಕೂತಿದ್ದಳು. ಆಯಿ ಮಾತ್ರ ನಿರ್ದಾಕ್ಷಿಣ್ಯ. "ಅದಕ್ಕೆ ಳ ಸರಿ ಬಂತು, ಇದಕ್ಕೆ ಬರಲಿಲ್ಲ" ಅಂದಳು. ನಿಜವೇ. ಮರಾಠಿಯಲ್ಲಿ ಳ ಇದೆ. ನನ್ನ ಮಗಳದು ಇಂಗ್ಲಿಷ್ ಮೀಡಿಯಂ ಕನ್ನಡ, ಅಲ್ಲಿ ಬಾಳೆಹಣ್ಣೂ ಬಾಲೆಹಣ್ಣು. ಮರುವರ್ಷ ಸ್ಪರ್ಧೆಯ ಫಾರಂ ಬಂದಾಗ ಕೆಳಗೊಂದು ಹೊಸ ಸಾಲು ಸೇರಿತ್ತು, ಮಾತೃಭಾಷೆ ಕನ್ನಡ ಇರುವ ಮಕ್ಕಳಿಗೆ ಮಾತ್ರ ಅಂತ. ಅಂಕ ಕೂಡಿಸಲು ನನ್ನನ್ನು ಮತ್ತೆ ಕರೆಯಲಿಲ್ಲ. ಇವತ್ತಿಗೂ ಆ ಸಾಲು ನೆನಪಾದರೆ ನನಗೆ ಕಸಿವಿಸಿ. ಆ ಹುಡುಗಿ ಈಗ ಐರೋಲಿಯ ಕಂಪನಿಯೊಂದರಲ್ಲಿದ್ದಾಳೆ, ಮದುವೆಯಾಗಿದೆ. ಎದುರಿಗೆ ಸಿಕ್ಕರೆ ನನ್ನ ಜೊತೆ ಕನ್ನಡದಲ್ಲಿ ಎರಡು ಮಾತಾಡುತ್ತಾಳೆ, ಆಯಿಯ ಕುಮಟಾ ಕನ್ನಡ.

ಭಾಷೆಯ ವಿಷಯದಲ್ಲಿ ಯೂರೋವಿಷನ್‌ನವರೂ ನಮ್ಮ ಸಂಘಗಳ ಹಾಗೆ ಹಿಂದೆ ಮುಂದೆ ಮಾಡಿದ್ದಾರೆ. 1966ರಲ್ಲಿ, ಆಯಾ ದೇಶ ತನ್ನ ಭಾಷೆಯಲ್ಲೇ ಹಾಡಬೇಕು ಅಂದರು. 1973ರಲ್ಲಿ ಬಿಟ್ಟರು. ಆಬ್ಬಾ ಇಂಗ್ಲಿಷ್‌ನಲ್ಲಿ ಹಾಡಲು ಸಾಧ್ಯವಾದದ್ದು ಆ ಸಡಿಲಿನಲ್ಲೇ. 1977ರಲ್ಲಿ ಮತ್ತೆ ಬಿಗಿ ಮಾಡಿ 1999ರಲ್ಲಿ ಪೂರ್ತಿ ಕೈಬಿಟ್ಟರು. ಅಲ್ಲಿಂದ ಎಲ್ಲರೂ ಇಂಗ್ಲಿಷೇ. ಗೆಲ್ಲಬೇಕಾದರೆ ಇಂಗ್ಲಿಷ್ ಬೇಕು ಅಂತ ಎಲ್ಲ ಕಡೆಯ ಅಪ್ಪ ಅಮ್ಮಂದಿರೂ ಅಂದುಕೊಳ್ಳುತ್ತಾರೆ ಎಂದಾಯಿತು. ಹಾಗಿರುವಾಗ 2017ರಲ್ಲಿ ಕೀವ್‌ನಲ್ಲಿ ಪೋರ್ಚುಗಲ್ಲಿನ ಸಾಲ್ವಡೋರ್ ಸೊಬ್ರಾಲ್ ಬಂದ. ಎದೆಯ ಕಾಯಿಲೆ. ಓಡಾಡುವ ಶಕ್ತಿ ಇಲ್ಲವೆಂದು ಮೊದಲ ತಾಲೀಮುಗಳಲ್ಲಿ ಅಕ್ಕ ಲುಯೀಸಾ ಅವನ ಬದಲು ನಿಂತಿದ್ದಳು, ಹಾಡು ಬರೆದವಳೂ ಅವಳೇ. ಬೆಂಕಿ ಇಲ್ಲ, ಕುಣಿತ ಇಲ್ಲ, ಸಡಿಲ ಕೋಟು ಹಾಕಿಕೊಂಡು ಪೋರ್ಚುಗೀಸ್‌ನಲ್ಲಿ ಮನೆಯಲ್ಲಿ ಗುನುಗಿದ ಹಾಗೆ ಹಾಡಿದ. 758 ಅಂಕ! 1964ರಿಂದ ಸ್ಪರ್ಧೆಗೆ ಬರುತ್ತಿದ್ದ ಪೋರ್ಚುಗಲ್ಲಿಗೆ 53 ವರ್ಷದ ಮೇಲೆ ಮೊದಲ ಗೆಲುವು. ಆ ಡಿಸೆಂಬರ್‌ನಲ್ಲಿ ಅವನಿಗೆ ಹೃದಯ ಕಸಿ ಆಯಿತು. ಲೆಜರಿನ ಆ ಪುಟದಲ್ಲಿ ಒಂದು ಕಡೆ ಶಾಯಿ ಹರಡಿದೆ. ಯಾಕೆಂದು ಹೆಂಡತಿ ಕೇಳಿಲ್ಲ, ನಾನು ಹೇಳಿಲ್ಲ.

ರಾಜಕೀಯ ಇಲ್ಲವೇ ಅಂದರೆ, ಬೇಕಾದಷ್ಟಿದೆ. 2022ರಲ್ಲಿ ರಷ್ಯಾವನ್ನು ಹೊರಗಿಟ್ಟರು, ಉಕ್ರೇನ್‌ಗೆ ಜನರ ಮತವೇ 439 ಬಂತು. ಇಸ್ರೇಲ್ ಇರುತ್ತದೆ ಅಂತ 2026ರ ವಿಯೆನ್ನಾ ಸ್ಪರ್ಧೆಯಿಂದ ಸ್ಪೇನ್, ಐರ್ಲೆಂಡ್, ನೆದರ್ಲೆಂಡ್ಸ್, ಸ್ಲೊವೇನಿಯಾ, ಐಸ್‌ಲ್ಯಾಂಡ್ ಹಿಂದೆ ಸರಿದವು. ಐರ್ಲೆಂಡ್ ಅಂದರೆ ಏಳು ಸಲ ಗೆದ್ದವರು. ನನ್ನ ಲೆಜರಿನಲ್ಲಿ ಐದು ಸಾಲು ಖಾಲಿ ಅಂದರೆ ಅದು ನನಗೆ ಸಣ್ಣ ಸಂಗತಿಯಲ್ಲ.

ಮಗಳು 2021ರಲ್ಲಿ ಓದಲು ಹ್ಯಾಂಬರ್ಗ್‌ಗೆ ಹೋದಳು, ಈಗ ಅಲ್ಲೇ ಕೆಲಸ. ಮೊದಲೆಲ್ಲ ಅಪ್ಪನ ಹುಚ್ಚು ಅನ್ನುತ್ತಿದ್ದವಳು ಅಲ್ಲಿ ಗೆಳೆಯರ ಜೊತೆ ಕೂತು ನೋಡಲು ಶುರು ಮಾಡಿದಳು. ಮತ ಹಾಕುವಾಗ ನನಗೆ ಫೋನ್ ಮಾಡಿ, "ಅಪ್ಪಾ, ಇಲ್ಲಿ ನಾನು ಜರ್ಮನಿಯವಳಂತೆ, ಜರ್ಮನಿಗೆ ಹಾಕೋ ಹಾಗಿಲ್ಲ" ಅಂತ ನಕ್ಕಳು. ಇನ್ನೂ ಮನೆ ಮಾಲೀಕನ ಎದುರು ಜರ್ಮನ್‌ನಲ್ಲಿ ತಡವರಿಸುವವಳು, ಅವಳ ಮತ ಮಾತ್ರ ಜರ್ಮನಿಯ ಲೆಕ್ಕಕ್ಕೆ ಜಮಾ! ಒಮ್ಮೆ ಕೇಳಿದಳು, ನಮ್ಮ ರಾಜ್ಯ ರಾಜ್ಯಗಳ ನಡುವೆ ಇಂಥ ಸ್ಪರ್ಧೆ ಇದ್ದರೆ ನಿನ್ನ 12 ಯಾರಿಗೆ ಅಪ್ಪಾ ಅಂತ. ನಿಯಮದ ಪ್ರಕಾರ ಡೊಂಬಿವಲಿಯವನು ಮಹಾರಾಷ್ಟ್ರಕ್ಕೆ ಹಾಕುವಂತಿಲ್ಲ, ಕರ್ನಾಟಕಕ್ಕೆ ಹಾಕಲು ಅಡ್ಡಿಯಿಲ್ಲ ಅಂದೆ. "ನಿಯಮ ಬಿಡು, ಹಾಡು ಚೆನ್ನಾಗಿಲ್ಲದಿದ್ರೆ?" ಅಂದಳು. ಫೋನಿನಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂದುಬಿಟ್ಟೆ.

ಅಂದ ಹಾಗೆ, ಹೊರಗಿನ ಜಗತ್ತಿನ 58 ಅಂಕದ ಮಾತು ಬಾಕಿ ಇದೆ. ಸ್ಪರ್ಧೆಯಲ್ಲಿಲ್ಲದ ದೇಶಗಳವರೂ ಆನ್‌ಲೈನ್‌ನಲ್ಲಿ ಮತ ಹಾಕಬಹುದು ಅಂತ 2023ರಲ್ಲಿ ಮಾಡಿದರು. ನಮ್ಮೆಲ್ಲರ ಮತ ಕೂಡಿಸಿ ಒಂದು ದೇಶದ ಲೆಕ್ಕ. ಡೊಂಬಿವಲಿ, ಅಮೆರಿಕ, ಬ್ರೆಜಿಲ್ ಎಲ್ಲ ಒಂದೇ ಖಾತೆಗೆ. ಕಾರ್ಡಿನಲ್ಲಿ ದುಡ್ಡು ಕಟ್ಟಬೇಕು. 2020ರ ಆರ್.ಬಿ.ಐ. ನಿಯಮದಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ತಾನಾಗಿ ತೆರೆದಿರುವುದಿಲ್ಲ, ನಾವೇ ತೆರೆಯಬೇಕು. ಎಷ್ಟೋ ಗ್ರಾಹಕರಿಗೆ ಅದನ್ನು ಬಂದ್ ಇಡಿ ಅಂತ ಬುದ್ಧಿ ಹೇಳಿದವನು ನಾನೇ ತೆರೆದೆ. ಒಬ್ಬರು 20 ಮತದವರೆಗೆ ಹಾಕಬಹುದಿತ್ತು, ಟೀಕೆ ಬಂದ ಮೇಲೆ 2026ಕ್ಕೆ ಹತ್ತಕ್ಕೆ ಇಳಿಸಿದರು. ಒಳ್ಳೆಯದೇ ಆಯಿತು, ಒಬ್ಬನಿಗೆ ಇಪ್ಪತ್ತು ಯಾಕೆ?

2025ರ ಫೈನಲ್ ಬಾಸೆಲ್‌ನಲ್ಲಿ. ರಾತ್ರಿ ಹೆಂಡತಿ ನೀರು ಕುಡಿಯಲು ಎದ್ದು ಬಂದಳು. ಟಿವಿಯಲ್ಲಿ ಲಾಟ್ವಿಯಾದ ಆರು ಜನ ಹೆಂಗಸರು, ತೌತುಮೈತಾಸ್ ಎಂಬ ತಂಡ, ಜಾನಪದದ ದಾಟಿಯಲ್ಲಿ ದನಿಗೆ ದನಿ ಹೆಣೆದು ತಮ್ಮ ಭಾಷೆಯಲ್ಲೇ ಹಾಡುತ್ತಿದ್ದರು. ಅವಳು ಚೊಂಬು ಹಿಡಿದುಕೊಂಡೇ ನಿಂತಳು. ಅವಳ ತವರು ಅಂಕೋಲಾ ಕಡೆ. "ನಮ್ಮ ಹಾಲಕ್ಕಿಯವರು ಹಾಡಿದ ಹಾಗಿದ್ಯಲ್ರೀ" ಅಂದಳು. ಸುಕ್ರಿ ಬೊಮ್ಮಗೌಡ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಪದ್ಮಶ್ರೀ ಬಂದ ಮೇಲೆ ಟಿವಿಯಲ್ಲಿ ಸುಕ್ರಜ್ಜಿಯನ್ನು ತೋರಿಸಿದಾಗಲೆಲ್ಲ ನಮ್ಮೂರು, ನಮ್ಮೂರು ಅಂತ ಅಕ್ಕಪಕ್ಕದವರನ್ನೆಲ್ಲ ಕರೆಯುತ್ತಿದ್ದವಳು ಇವಳು. ಸೋಫಾದ ತುದಿಯಲ್ಲಿ ಕೂತಳು. ಹಾಡು ಮುಗಿಯಿತು, ಇನ್ನೊಂದು ಬಂತು, ಅವಳು ಏಳಲಿಲ್ಲ.

"ಇವರಿಗೆ ನಾವು ವೋಟ್ ಹಾಕಬಹುದಾ?"

"ಹಾಕಬಹುದು. ದುಡ್ಡು ಹೋಗುತ್ತೆ."

"ಎಷ್ಟು?"

ಒಂದಕ್ಕೆ ಯೂರೋದ ಆಸುಪಾಸು, ಸುಮಾರು ನೂರು ರೂಪಾಯಿ, ಮೇಲೆ ಬ್ಯಾಂಕಿನವರ ವಿನಿಮಯ ಶುಲ್ಕ ಅಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಭಾಜಿಗೆ ಐದು ರೂಪಾಯಿ ಜಾಸ್ತಿ ಹೇಳಿದರೆ ಮುಂದಿನ ಗಾಡಿಗೆ ಹೋಗುವವಳು. "ಐದು ಹಾಕಿ" ಅಂದಳು. ಓ.ಟಿ.ಪಿ. ಬಂದದ್ದನ್ನು ಅವಳೇ ಓದಿ ಹೇಳಿದಳು. ಲಾಟ್ವಿಯಾ ಕೊನೆಗೆ 13ನೆಯದಾಯಿತು, ಗೆದ್ದದ್ದು ಆಸ್ಟ್ರಿಯಾ. ಎಣಿಕೆ ಮುಗಿಯುವವರೆಗೂ ಕೂತಿದ್ದಳು, ಅಂಕ ಓದುವವರ ಬಟ್ಟೆಗಳ ಬಗ್ಗೆ ಟೀಕೆ ಮಾಡುತ್ತ. ನನ್ನ ಲೆಜರಿನಲ್ಲಿ ಒಂದು ಕಡೆ 7 ಅಂತ ಬರೆದದ್ದನ್ನು 1 ಅಂತ ಓದಿ, ನಿಮ್ಮ ಅಕ್ಷರ ಯಾರಿಗೂ ತಿಳಿಯೋಲ್ಲ ಅಂದಳು. ನಾಲ್ಕೂವರೆಗೆ ಮೊತ್ತ 4,350 ಬಂತು.